ಕ್ಲಿಂಕರ್ ಸಾಗಿಸುವ ಚೈನ್ ಕನ್ವೇಯರ್: ಗ್ಯಾಸ್ ಕಟರ್ ಇಲ್ಲದೆ ಬಿಚ್ಚಿ ಕಟ್ಟುವಂತೆ ಡಿಸೈನ್ ಮಾಡುವುದು ಹೇಗೆ?

ಪೀಣ್ಯ ಎರಡನೇ ಹಂತ
ಎಲ್ಲರಿಗೂ ನಮಸ್ಕಾರ. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದಕ್ಕೆ ಚೈನ್ ಕನ್ವೇಯರ್ ಡ್ರಾಯಿಂಗ್ ಹಂತದಲ್ಲಿದೆ. ಫ್ಯಾಬ್ರಿಕೇಶನ್ ಇಲ್ಲೇ ಪೀಣ್ಯದಲ್ಲಿ. ಮಾಲು ಕ್ಲಿಂಕರ್ (ಪುಡಿ ಮಾಡಿ ಸಿಮೆಂಟ್ ಮಾಡುವ ಸುಟ್ಟ ಗಟ್ಟಿ ಉಂಡೆ), ಗಂಟೆಗೆ 110 ಟನ್, 25 ಮಿ.ಮೀ. ಒಳಗಿನ ಗಾತ್ರ, ಸುಮಾರು 120 ಡಿಗ್ರಿ ಬಿಸಿ, ಬಲ್ಕ್ ಡೆನ್ಸಿಟಿ 1.4. ಡ್ರೈವ್ ಇರುವ ತುದಿಯ ಹೆಡ್ ಶಾಫ್ಟಿನಿಂದ ಇನ್ನೊಂದು ತುದಿಯ ಟೇಲ್ ಶಾಫ್ಟಿಗೆ 30 ಮೀಟರ್, ಏರಿಕೆ ಇಲ್ಲ. 142 ಪಿಚ್‌ನ (ಪಿನ್ನಿನಿಂದ ಪಿನ್ನಿಗೆ 142 ಮಿ.ಮೀ.) ಫೋರ್ಜ್ಡ್ ಚೈನು ಒಂದೇ ಸಾಲು, ಮಾಲು ಸಾಗುವ ತೊಟ್ಟಿ ಅಂದರೆ ಟ್ರಫ್ ಅಗಲ 500 ಮಿ.ಮೀ., ವೇಗ ಸೆಕೆಂಡಿಗೆ 0.2 ಮೀಟರ್. ಕೆಳಗೆ ಮಾಲು ಎಳೆಯುವ ಓಟ, ಮೇಲೆ ಖಾಲಿ ವಾಪಸ್ ಓಟ.

ಗ್ರಾಹಕರ ಷರತ್ತು ಇಷ್ಟು: ಲೈನರ್ (ತಳಕ್ಕೆ ಹಾಸುವ ಸವೆತದ ಪ್ಲೇಟು), ಚೈನು, ಸ್ಪ್ರಾಕೆಟ್ (ಚೈನು ಎಳೆಯುವ ಹಲ್ಲಿನ ಚಕ್ರ) ಮೂರನ್ನೂ ನಾಲ್ಕು ಜನ ಫಿಟ್ಟರ್‌ಗಳು ಬದಲಿಸುವಂತಿರಬೇಕು, ಕೇಸಿಂಗ್ (ಕನ್ವೇಯರಿನ ಹೊರ ಪೆಟ್ಟಿಗೆ) ಒಳಗೆ ಗ್ಯಾಸ್ ಕಟಿಂಗ್ ಆಗಲಿ ವೆಲ್ಡಿಂಗ್ ಆಗಲಿ ಇರಕೂಡದು. ಈಗಿನ ಡ್ರಾಯಿಂಗ್‌ನಲ್ಲಿ ಲೈನರನ್ನು ತಳಕ್ಕೆ ವೆಲ್ಡ್ ಮಾಡಿದೆ. ಮೇಲಿನ ಮುಚ್ಚಳಕ್ಕೆ 150 ಮಿ.ಮೀ.ಗೆ ಒಂದರಂತೆ ಎಂ-12 ಬೋಲ್ಟು. ಬೇರಿಂಗ್ ನೇರ ಕೇಸಿಂಗ್ ಪ್ಲೇಟ್ ಮೇಲೆ. ಸ್ಪ್ರಾಕೆಟ್ ಒಂದೇ ತುಂಡು, ಕೀ ಹಾಕಿ ಕೂರಿಸಿದ್ದು. ಯಾವುದರಿಂದ ಶುರು ಮಾಡಲಿ?

ಸಿಮೆಂಟ್ ಮೆಕ್ಯಾನಿಕಲ್
ಮೊದಲು ವೇಗ ನೋಡಿ, ಬೋಲ್ಟು ಆಮೇಲೆ. ದಿನಕ್ಕೆ 20 ಗಂಟೆ ಓಡಿದರೆ 0.2 ವೇಗದಲ್ಲಿ ನಿಮ್ಮ ಚೈನು ಲೈನರ್ ಮೇಲೆ 14.4 ಕಿ.ಮೀ. ಉಜ್ಜಿಕೊಂಡು ಹೋಗುತ್ತದೆ. 0.15ಕ್ಕೆ ಇಳಿಸಿದರೆ 10.8 ಕಿ.ಮೀ. ಸವೆತದ ಹಾದಿಯಲ್ಲೇ ಕಾಲು ಭಾಗ ಉಳಿಯಿತು. ಪಿನ್ನುಗಳು ಸ್ಪ್ರಾಕೆಟ್ ಮೇಲೆ ಮಡಚಿ ಬಿಚ್ಚುವ ಸಲವೂ ಅಷ್ಟೇ ಕಮ್ಮಿ. ಧಾನ್ಯದ ಕನ್ವೇಯರ್ ನೋಡಿ ಕ್ಲಿಂಕರ್‌ಗೆ ವೇಗ ಹಾಕುವ ಅಭ್ಯಾಸ ಒಳ್ಳೆಯದಲ್ಲ.

ಆದರೆ ವೇಗ ಇಳಿಸಿದ್ದಕ್ಕೂ ಬೆಲೆ ತೆರಬೇಕು. ಅಷ್ಟೇ ಟನ್ ನಿಧಾನವಾಗಿ ಹೋದರೆ ಟ್ರಫ್‌ನಲ್ಲಿ ಮಾಲು ಜಾಸ್ತಿ ಕೂತಿರುತ್ತದೆ. 0.2ರಲ್ಲಿ ಮೀಟರಿಗೆ ಸುಮಾರು 153 ಕೆ.ಜಿ., 0.15ರಲ್ಲಿ 204 ಕೆ.ಜಿ. ಉಜ್ಜಾಟದ ಅಂಕಿ 0.65 ಹಿಡಿದರೆ ಮಾಲು ಎಳೆಯುವುದಕ್ಕೇ ಚೈನಿನ ಮೇಲೆ 29 ಕಿಲೋನ್ಯೂಟನ್ ಇದ್ದದ್ದು 39 ಆಗುತ್ತದೆ, ಚೈನಿನ ತೂಕದ ಎಳೆತ ಬೇರೆ. ಬ್ರೇಕಿಂಗ್ ಲೋಡ್ (ಚೈನು ತುಂಡಾಗುವ ಭಾರ) ಒಟ್ಟು ಎಳೆತದ 7 ಪಟ್ಟಾದರೂ ಇರಲಿ, ಯಾಕೆಂದರೆ ತುಂಬಿದ ಟ್ರಫ್ ನಿಂತು ಮತ್ತೆ ಶುರುವಾದಾಗ ಎಳೆತ ಇದಕ್ಕಿಂತ ಮೇಲೆ ಹೋಗುತ್ತದೆ. ಒಂದು ಸಾಲಿನಲ್ಲಿ ಅದು ಸಿಗದಿದ್ದರೆ ಎರಡು ಸಾಲು, ಇಲ್ಲವೇ ಇದೇ ಪಿಚ್‌ನ ದಪ್ಪ ಲಿಂಕು. ತುಂಬುವಿಕೆ ಶೇ. 75 ಇಟ್ಟುಕೊಂಡರೆ 630 ಅಗಲ, 310 ಎತ್ತರದ ಮಾಲಿನ ಪದರ ಸಾಕಾಗುತ್ತದೆ.

ರೇಖೆ ಮತ್ತು ಅಳತೆ
630 ಮಾಡಿದರೆ ಮೇಂಟೆನೆನ್ಸ್‌ಗೂ ಅನುಕೂಲ, ಒಳಗೆ ಕೈ ಆಡುತ್ತದೆ. 500ರಲ್ಲಿ ಫ್ಲೈಟಿನ (ಮಾಲು ಎಳೆಯಲು ಲಿಂಕಿಗೆ ವೆಲ್ಡ್ ಮಾಡಿದ ಅಡ್ಡಪಟ್ಟಿ) ಪಕ್ಕ ಸ್ಪ್ಯಾನರ್ ತಿರುಗುವುದೇ ಇಲ್ಲ.

ಕುಂಬಳಗೋಡು ಫ್ಯಾಬ್
ಸಾರ್, ಲೈನರ್ ವೆಲ್ಡ್ ಮಾತ್ರ ಇವತ್ತೇ ತೆಗೆದುಬಿಡಿ. ಪ್ಲೇಟ್ ಸವೆದ ಮೇಲೆ ಗೌಜಿಂಗ್ ಮಾಡಿ (ವೆಲ್ಡ್ ಕರಗಿಸಿ ತೆಗೆದು) ಕೀಳೋಕೆ ಹೋದ್ರೆ ಕೆಳಗಿನ ತಳನೂ ತೂತಾಗುತ್ತೆ, ಬಿಸಿಗೆ ಸೊಟ್ಟ ಆಗುತ್ತೆ. ಆಮೇಲೆ ಹೊಸ ಲೈನರ್ ಕೂರಲ್ಲ, ಎಲ್ಲೋ ಒಂದು ತುದಿ ಎದ್ದೇಳುತ್ತೆ, ಫ್ಲೈಟ್ ಅಲ್ಲೇ ಹೊಡೆಯುತ್ತೆ.

10 ಮಿ.ಮೀ. ಹಾರ್ಡಾಕ್ಸ್ 400 (ಸವೆತ ತಡೆಯೋ ಗಡಸು ಉಕ್ಕು), ಉದ್ದ 400, ಅಗಲ 620, ಹೀಗೆ ತುಂಡು ಮಾಡಿ. ಒಂದು ತುಂಡು ಹತ್ತೊಂಬತ್ತೂವರೆ ಕೆ.ಜಿ. ಬರುತ್ತೆ, ಒಬ್ಬ ಆಳು ಬಗ್ಗಿ ಎತ್ತಬಹುದು. ಅದಕ್ಕಿಂತ ದೊಡ್ಡದು ಮಾಡಿದ್ರೆ ಲೈನರ್‌ಗೂ ಕ್ರೇನ್ ಬೇಕಾಗುತ್ತೆ. ಮೂಲೆಗೊಂದು ಎಂ-16 ಬೋಲ್ಟು, ಕೌಂಟರ್‌ಸಂಕ್ ತಲೆ, ತಲೆ ಕೆಳಗೆ ಚೌಕ ಕುತ್ತಿಗೆ ಇರೋದು. ನಟ್ಟು ತಳದ ಹೊರಗೆ ಬರಲಿ. ಒಳಗೆ ಇಳಿಯದೇ ಸಡಿಲ ಮಾಡಬಹುದು.

ತುಂಡುಗಳು ಸೇರೋ ಗೆರೆ ಕೇಸಿಂಗ್ ಫ್ಲೇಂಜ್ ಗೆರೆ ಮೇಲೆ ಬರಬಾರದು, ಕನಿಷ್ಠ 100 ಮಿ.ಮೀ. ಆಚೆ ಈಚೆ ಇರಲಿ. ಚೈನು ಹೋಗೋ ದಿಕ್ಕಲ್ಲಿ ಮುಂದಿನ ಪ್ಲೇಟ್ ಹಿಂದಿನದಕ್ಕಿಂತ ಕೂದಲಷ್ಟಾದ್ರೂ ತಗ್ಗಿರಬೇಕು, ಏರಿರಬಾರದು. 1 ಮಿ.ಮೀ. ಏರಿದ್ರೂ ಫ್ಲೈಟ್ ತುದಿ ಬಡಿದೂ ಬಡಿದೂ ವೆಲ್ಡ್ ಬಿಟ್ಟುಕೊಳ್ಳುತ್ತೆ. ಎದುರಾಗೋ ಅಂಚನ್ನ ಗ್ರೈಂಡರ್‌ನಲ್ಲಿ ಸ್ವಲ್ಪ ಚಾಂಫರ್ ಹೊಡೆದುಬಿಡಿ.

ಸಿಮೆಂಟ್ ಮೆಕ್ಯಾನಿಕಲ್
ಮೇಲಿನದು ಸರಿ, ಒಂದು ಸೇರಿಸುತ್ತೇನೆ. ಸವೆಯುವ ಮುಖದ ಮೇಲೆ ಬೋಲ್ಟಿನ ತಲೆ ಇದ್ದರೆ ಲೈನರ್ ಜೊತೆ ತಲೆಯೂ ಸವೆಯುತ್ತದೆ. ಕೊನೆಗೆ ಕುತ್ತಿಗೆ ಹಿಡಿತ ತಪ್ಪಿ ನಟ್ಟು ತಿರುಗಿಸಿದಾಗ ಬೋಲ್ಟೂ ಜೊತೆಗೇ ತಿರುಗುತ್ತದೆ. ಆಗ ಬೇಕಾಗುವುದೇ ಗ್ಯಾಸ್ ಕಟರ್. ಇದನ್ನು ತಪ್ಪಿಸಲು ಲೈನರಿನ ಹಿಂಬದಿಗೆ ಎಂ-16 ಸ್ಟಡ್ (ತಲೆಯಿಲ್ಲದ ಬೋಲ್ಟು) ವೆಲ್ಡ್ ಮಾಡಿ ತಳದ ತೂತಿನಿಂದ ಹೊರಗೆ ಇಳಿಸಿ. ಕೆಲಸದ ಮುಖದಲ್ಲಿ ತೂತೇ ಇರುವುದಿಲ್ಲ. ವೆಲ್ಡಿಂಗ್ ವರ್ಕ್‌ಶಾಪಿನಲ್ಲೇ ಮುಗಿಯುತ್ತದೆ, ಲೋ ಹೈಡ್ರೋಜನ್ ಎಲೆಕ್ಟ್ರೋಡ್ ಒಣಗಿಸಿ ಬಳಸಿ. ತಳದ ತೂತು 22 ಮಿ.ಮೀ. ಇರಲಿ, ದಪ್ಪ ವಾಷರ್ ಹಾಕಿ.

ಹೊರಗೆ ಬರುವ ಸ್ಟಡ್ಡಿನ ದಾರಕ್ಕೆ (ಥ್ರೆಡ್) ಡೋಮ್ ನಟ್ಟು, ಒಳಗೆ ಆಂಟಿಸೀಜ್ ಗ್ರೀಸು. ಕ್ಲಿಂಕರ್ ಧೂಳು ತೇವ ಕುಡಿದರೆ ದಾರದ ಮೇಲೆ ಗಟ್ಟಿಯಾಗಿ ಕೂರುತ್ತದೆ, ಅದು ಸಿಮೆಂಟೇ ತಾನೆ. ಬರಿಯ ದಾರ ಬಿಟ್ಟರೆ ಒಂದು ಮಳೆಗಾಲ ಸಾಕು.

ಪೀಣ್ಯ ಎರಡನೇ ಹಂತ
ಸ್ಟಡ್ ವಿಚಾರ ಒಪ್ಪಿದೆ ಸರ್. ಆದರೆ ಲೈನರ್ ಮೇಲೆ ಎತ್ತಬೇಕಾದರೆ ವಾಪಸ್ ಓಟದ ಚೈನು, ಅದರ ರೈಲು ಎರಡೂ ಅಡ್ಡ ಬರುತ್ತವೆ. ಇಡೀ ತಳವನ್ನೇ ಬೋಲ್ಟ್ ಮಾಡಿ ಕೆಳಕ್ಕೆ ಇಳಿಸುವ ಹಾಗೆ ಮಾಡಿದರೆ?

ಕುಂಬಳಗೋಡು ಫ್ಯಾಬ್
30 ಮೀಟರಿಗೂ ಬೇಡ ಸಾರ್. ತಳದ ಫ್ಲೇಂಜ್ ಉದ್ದಕ್ಕೂ ಧೂಳು ಸೋರುತ್ತೆ. ಒಂದೂವರೆ ಮೀಟರ್ ಪ್ಯಾನು, ತಳ 8 ಮತ್ತು ಲೈನರ್ 10 ಸೇರಿ 140 ಕೆ.ಜಿ. ಹತ್ತಿರ ಬರುತ್ತೆ, ಅಂಥವು ಇಪ್ಪತ್ತು ಆಗ್ತವೆ. ಪ್ರತಿಯೊಂದಕ್ಕೂ ಕೆಳಗೆ ಜಾಗ ಬೇಕು.

ಸಿಮೆಂಟ್ ಮೆಕ್ಯಾನಿಕಲ್
ನಾನು ಪೂರ್ತಿ ಒಪ್ಪುವುದಿಲ್ಲ. ಮಾಲು ಬೀಳುವ ಜಾಗದ 3 ಮೀಟರ್ ಮತ್ತು ಟೇಲ್ ಪೆಟ್ಟಿಗೆ, ಈ ಎರಡು ಕಡೆ ಇಳಿಯುವ ಪ್ಯಾನು ಇರಲೇಬೇಕು. ಸವೆತ ಮೊದಲು ಬರುವುದು ಅಲ್ಲೇ, ಬಾಕಿ ತಳ ಅರ್ಧ ಸವೆಯುವಷ್ಟರಲ್ಲಿ ಆ 3 ಮೀಟರ್ ಮುಗಿದಿರುತ್ತದೆ. ಕೆಳಗೆ 700 ಮಿ.ಮೀ. ಖಾಲಿ ಬಿಡಿ, ಪ್ಯಾನಿನ ನಾಲ್ಕು ಮೂಲೆಗೂ ಉದ್ದ ದಾರದ ರಾಡು ಕೊಡಿ, ನಟ್ಟು ಬಿಚ್ಚುತ್ತಾ ಸಮವಾಗಿ ಇಳಿಸಿ ಕೆಳಗಿನ ಟ್ರಾಲಿ ಮೇಲೆ ಕೂರಿಸಬಹುದು. ಫ್ಲೇಂಜಿಗೆ ಬಿಸಿ ತಡೆಯುವ ನೇಯ್ದ ಗ್ಯಾಸ್ಕೆಟ್ ಹಗ್ಗ ಸಾಕು, ಅದೂ ಬೋಲ್ಟುಗಳ ಒಳಬದಿಗೆ.

ಉಳಿದ ಉದ್ದಕ್ಕೆ ರಿಟರ್ನ್ ರೈಲಿನ ಬ್ರಾಕೆಟ್‌ಗಳನ್ನು ಕೇಸಿಂಗ್ ಗೋಡೆಗೆ ವೆಲ್ಡ್ ಮಾಡದೆ ಹೊರಗಿನಿಂದ ಬೋಲ್ಟ್ ಮಾಡಿ. ಎರಡು ಬ್ರಾಕೆಟ್ ಬಿಚ್ಚಿದರೆ ಒಂದು ರೈಲು ತುಂಡು ಹೊರಬರಬೇಕು. ಚೈನನ್ನು ಮೇಲಕ್ಕೆ ಎತ್ತಿ ಹಿಡಿಯಲು ಮುಚ್ಚಳದ ಫ್ಲೇಂಜಿನ ಮೇಲೆ ಅಡ್ಡ ಪೈಪು ಹಾಕಿದರಾಯಿತು.

ರೇಖೆ ಮತ್ತು ಅಳತೆ
ಇಳಿಯುವ ಪ್ಯಾನಿನ ಕಡೆ ಅಡಿಪಾಯದ ಬೀಮು ಅಡ್ಡ ಬರದ ಹಾಗೆ ಸಿವಿಲ್ ಡ್ರಾಯಿಂಗಿನಲ್ಲಿ ಈಗಲೇ ಬರೆಸಿ. ಕನ್ವೇಯರ್ ಡ್ರಾಯಿಂಗಿನಲ್ಲಿ ಮಾತ್ರ ಇದ್ದು ಸ್ಟ್ರಕ್ಚರ್ ಡ್ರಾಯಿಂಗಿನಲ್ಲಿ ಇಲ್ಲದಿದ್ದರೆ ಸೈಟ್‌ನಲ್ಲಿ ಅಲ್ಲೇ ಒಂದು ಚಾನೆಲ್ ಬಂದು ಕೂರುತ್ತದೆ.

ಶಾಖ ಸಂಸ್ಕರಣೆ
ಗಡಸುತನದ ಬಗ್ಗೆ ಯಾರೂ ಬರೆದಿಲ್ಲ. ಫೋರ್ಜ್ಡ್ ಲಿಂಕು 20 ಎಂಎನ್‌ಸಿಆರ್ 5 ಆಗಿದ್ದರೆ ಕೇಸ್ ಹಾರ್ಡನಿಂಗ್ ಆದ ಮೇಲೆ ಮೈ ಗಡಸುತನದ ರಾಕ್ವೆಲ್ ಅಳತೆಯಲ್ಲಿ 57ರಿಂದ 62 ಎಚ್‌ಆರ್‌ಸಿ ಬರುತ್ತದೆ, ಒಳಗಿನ ತಿರುಳು ಮೆತ್ತಗಿದ್ದು ಹೊಡೆತ ತಡೆಯುತ್ತದೆ. ಹಾರ್ಡಾಕ್ಸ್ 400 ಎಂದರೆ ಹೆಚ್ಚುಕಮ್ಮಿ 43 ಎಚ್‌ಆರ್‌ಸಿ. ಈ ಅಂತರ ಇರಬೇಕಾದದ್ದೇ. ಲೈನರ್ ಸವೆಯಲಿ, ಚೈನು ಉಳಿಯಲಿ.

ಹೆಚ್ಚು ಬಾಳಿಕೆ ಬರಲಿ ಎಂದು ಹೈ ಕ್ರೋಮ್ ಓವರ್‌ಲೇ ಪ್ಲೇಟನ್ನು ಚೈನಿನ ಕೆಳಗೆ ಹಾಕಬೇಡಿ. ಅದರ ಮೇಲ್ಮೈ ಬೀಡುಗಳಿಂದ ಉಬ್ಬುತಗ್ಗು, ಅದರಲ್ಲಿರುವ ಕಾರ್ಬೈಡು ಚೈನನ್ನೇ ಅರದಂತೆ ಉಜ್ಜುತ್ತದೆ. ಡಿಸ್ಚಾರ್ಜ್ ಚೂಟಿಗೆ, ಪಕ್ಕದ ಗೋಡೆಗೆ ಅದು ಒಳ್ಳೆಯದು. ಅಲ್ಯುಮಿನಾ ಟೈಲೂ ಮಾಲು ಬೀಳುವ ಜಾಗದಲ್ಲಿ ಒಡೆಯುತ್ತದೆ, ಒಡೆದ ಚೂರು ಚೈನಿಗೆ ಸಿಕ್ಕುತ್ತದೆ. ಇನ್ನೊಂದು, ತಣಿಸುವ ಯಂತ್ರ (ಕೂಲರ್) ಕೆಟ್ಟು ಕ್ಲಿಂಕರ್ 250 ಡಿಗ್ರಿ ದಾಟಿ ಬಂದರೆ ಹಾರ್ಡಾಕ್ಸ್ ಗಡಸು ಇಳಿಯುತ್ತದೆ, ಮತ್ತೆ ಏರುವುದಿಲ್ಲ. ಅಂಥ ಸಾಧ್ಯತೆ ಇದ್ದರೆ ಒಳಹರಿವಿನಲ್ಲಿ ತಾಪಮಾನದ ಅಲಾರಂ ಇಡಿಸಿ.

ಪೀಣ್ಯ ಎರಡನೇ ಹಂತ
ಚೈನು ಯಾವಾಗ ತೆಗೆಯಬೇಕು? ಶೇ. 3 ಉದ್ದವಾಗುವವರೆಗೆ ಬಿಡಬಹುದು ಎನ್ನುತ್ತಾರೆ ಕೆಲವರು.

ಶಾಖ ಸಂಸ್ಕರಣೆ
ಕೇಸ್ ಹಾರ್ಡನಿಂಗ್ ಆದ ಲಿಂಕಿಗೆ ಅಷ್ಟು ಬಿಡಬೇಡಿ. ಗಡಸು ಪದರ ಇರುವವರೆಗೆ ಸವೆತ ನಿಧಾನ, ಅದು ಮುಗಿದ ದಿನದಿಂದ ಓಟ. ಶೇ. 2 ಎಂಬುದನ್ನು ಕೊನೆಯ ಗೆರೆ ಅಂದುಕೊಳ್ಳಿ, 1.5ಕ್ಕೇ ಹೊಸ ಚೈನಿಗೆ ಆರ್ಡರ್ ಹೋಗಿರಲಿ. 10 ಲಿಂಕು ಹೊಸದರಲ್ಲಿ 1420 ಮಿ.ಮೀ., ಶೇ. 2 ಎಂದರೆ 1448. ಒಂದೇ ಲಿಂಕು ಅಳೆಯಬೇಡಿ, 3 ಮಿ.ಮೀ. ವ್ಯತ್ಯಾಸ ಟೇಪಿನಲ್ಲಿ ಕಾಣುವುದಿಲ್ಲ.

ಸಿಮೆಂಟ್ ಮೆಕ್ಯಾನಿಕಲ್
ಎಲ್ಲಿ ಅಳೆಯಬೇಕು ಎಂಬುದನ್ನೂ ಡ್ರಾಯಿಂಗಿನಲ್ಲೇ ಹಾಕಿ. ಕೆಳಗಿನ ಓಟ ಮಾಲಿನಲ್ಲಿ ಹೂತಿರುತ್ತದೆ. ಮೇಲಿನ ಓಟದಲ್ಲಿ ಹೆಡ್ ಸ್ಪ್ರಾಕೆಟ್ ಬಿಟ್ಟ ತಕ್ಷಣ ಚೈನು ಅತ್ಯಂತ ಸಡಿಲ, ಅಲ್ಲಿ ಅಳೆದರೆ ಕಮ್ಮಿ ತೋರಿಸುತ್ತದೆ. ರೈಲಿನ ಮೇಲೆ ಎಳೆದುಕೊಂಡು ಬಂದು ಟೇಲ್ ಹತ್ತಿರ ಬಿಗಿಯಾಗಿರುತ್ತದೆ. ಆದ್ದರಿಂದ ಅಳತೆಯ ಕಿಟಕಿ ಟೇಲ್ ಕಡೆ ಮುಚ್ಚಳದಲ್ಲಿ ಇರಲಿ, ಉದ್ದ 1600 ಮಿ.ಮೀ. ಕಿಟಕಿಯ ಅಂಚಿಗೆ ಸ್ಟೇನ್‌ಲೆಸ್ ಪಟ್ಟಿ ಕೂರಿಸಿ ಸೊನ್ನೆ, 1420, 1441, 1448 ಗೆರೆ ಕೊರೆಸಿಬಿಡಿ. ಫಿಟ್ಟರ್ ಟೇಪೂ ಹುಡುಕಬೇಕಿಲ್ಲ, ಲೆಕ್ಕವೂ ಹಾಕಬೇಕಿಲ್ಲ.

ರೇಖೆ ಮತ್ತು ಅಳತೆ
ಚೈನು ಬಿಚ್ಚುವ ಜಾಗದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬಹಳ ಡ್ರಾಯಿಂಗ್‌ಗಳಲ್ಲಿ ಇದು ಇರುವುದೇ ಇಲ್ಲ.

ಫೋರ್ಕ್ ಲಿಂಕಿನ ಪಿನ್ನು ಅಡ್ಡಕ್ಕೆ ಹೊರಬರಬೇಕು. ಮೇಲಿನ ಮುಚ್ಚಳ ತೆಗೆದರೆ ಚೈನು ಕಾಣುತ್ತದೆ, ಆದರೆ ಪಿನ್ನಿಗೆ ಸುತ್ತಿಗೆ ಬೀಸಲು ಪಕ್ಕದಲ್ಲಿ ಗೋಡೆ. ಹಾಗಾಗಿ ಟೇಲ್ ಹತ್ತಿರ, ವಾಪಸ್ ಓಟದ ಪಿನ್ನಿನ ಎತ್ತರಕ್ಕೆ ಸರಿಯಾಗಿ, ಪಕ್ಕದ ಗೋಡೆಗೆ 60 ಮಿ.ಮೀ. ಒಳವ್ಯಾಸದ ಸಾಕೆಟ್ ವೆಲ್ಡ್ ಮಾಡಿ, ದಾರದ ಮುಚ್ಚಳ ಹಾಕಿ. 20 ಮಿ.ಮೀ. ರಾಡನ್ನು ಅಲ್ಲಿಂದ ತೂರಿಸಿ ಹೊರಗಿನಿಂದ ಹೊಡೆದರೆ ಪಿನ್ನು ಆಚೆ ಬರುತ್ತದೆ. ಫ್ಲೈಟ್ ರಾಡಿಗೆ ಅಡ್ಡ ಬರದಂತೆ ಜೋಡಣೆಯ ಲಿಂಕಿನ ಪಿನ್ನಿನ ನೇರಕ್ಕೆ ಫ್ಲೈಟ್ ಇರಬಾರದು. ಎದುರು ಗೋಡೆಗೆ ತೂತು ಬೇಡ, 630 ಟ್ರಫ್‌ನಲ್ಲಿ ಚೈನಿನ ಆಚೆ 250ಕ್ಕಿಂತ ಹೆಚ್ಚು ಜಾಗ ಇರುತ್ತದೆ. ಇಲ್ಲೇ ಒಂದು ಅಪಾಯ. ಕಳಚಿದ ಪಿನ್ನು, ಸರ್ಕ್ಲಿಪ್ಪು ಕೆಳಗಿನ ಓಟಕ್ಕೆ ಬಿದ್ದರೆ ಶುರು ಮಾಡಿದಾಗ ನೇರ ಹೆಡ್ ಸ್ಪ್ರಾಕೆಟ್ ಹಲ್ಲಿಗೆ. ರಿಟರ್ನ್ ರೈಲುಗಳ ನಡುವೆ, ಈ ಕಿಟಕಿಯ ಕೆಳಗೆ, ಜಾರಿಸಿ ಹಾಕುವ 3 ಮಿ.ಮೀ. ತಟ್ಟೆ ಕೊಡಿ. ಕೆಲಸ ಮುಗಿದ ಮೇಲೆ ಅದು ಹೊರಗೆ ಬಂದಿರಬೇಕು, ಆದ್ದರಿಂದ ಹಿಡಿಕೆ ಕೇಸಿಂಗ್ ಹೊರಗೆ ಚಾಚಿರಲಿ, ಕಣ್ಣಿಗೆ ಬೀಳುತ್ತದೆ.

ಕಿಟಕಿಯ ಎರಡೂ ತುದಿಯಲ್ಲಿ ಗೋಡೆಯಿಂದ ಗೋಡೆಗೆ 32 ಮಿ.ಮೀ. ಸರಳು ತೂರುವ ತೂತು ಇರಲಿ. ಸರಳನ್ನು ಲಿಂಕಿನ ಫೋರ್ಕಿಗೆ ಅಡ್ಡ ಕೊಟ್ಟರೆ ಚೈನು ಎರಡೂ ಕಡೆ ನಿಲ್ಲುತ್ತದೆ. ನಡುವೆ ಸಡಿಲಿಸಲು ಲಿವರ್ ಹಾಯ್ಸ್ಟ್ ಸಿಕ್ಕಿಸುವ ಲಗ್ಗು ಬೇಕು.

ಕುಂಬಳಗೋಡು ಫ್ಯಾಬ್
ಮೇಡಂ ಹೇಳಿದ ಆ ಸರಳಿನ ತೂತಿಗೆ ಗೋಡೆ ಹೊರಗೆ 12 ಮಿ.ಮೀ. ಪ್ಯಾಚ್ ಪ್ಲೇಟ್ ಹಾಕಲೇಬೇಕು. ಬರೀ 6 ಮಿ.ಮೀ. ಗೋಡೆ ಆದ್ರೆ ತೂತು ಮೊಟ್ಟೆ ಆಕಾರಕ್ಕೆ ಬರುತ್ತೆ.

ಡ್ರೈವ್ ಕಡೆಯವರು
ಹೆಡ್ ಕಡೆಗೆ ಬರೋಣ. 6 ಹಲ್ಲಿನ ಸ್ಪ್ರಾಕೆಟ್ ಇದ್ದರೆ 8ಕ್ಕೆ ಏರಿಸಿ. 6 ಹಲ್ಲಿನಲ್ಲಿ ಚೈನಿನ ವೇಗ ಪ್ರತಿ ಹಲ್ಲಿಗೆ ಶೇ. 13ರಷ್ಟು ಏರಿಳಿಯುತ್ತದೆ, 8ರಲ್ಲಿ ಶೇ. 7.6. ಲಿಂಕು ಮಡಚುವ ಕೋನವೂ 60ರಿಂದ 45 ಡಿಗ್ರಿಗೆ ಇಳಿಯುತ್ತದೆ, ಪಿನ್ನಿನ ಸವೆತಕ್ಕೆ ಅದೇ ಮುಖ್ಯ. 8 ಹಲ್ಲಿಗೆ ಪಿಚ್ ವ್ಯಾಸ 371 ಮಿ.ಮೀ., ಕೇಸಿಂಗ್ ಎತ್ತರಕ್ಕೆ ಹೊಂದುತ್ತದೆ.

ಹಬ್ಬು ಶಾಫ್ಟಿಗೆ ಖಾಯಂ, ಹಲ್ಲಿನ ರಿಮ್ಮು ಎರಡು ಅರ್ಧಗಳಾಗಿ ಬೋಲ್ಟ್ ಮಾಡುವಂಥದ್ದು ಇರಲಿ. ಶಾಫ್ಟು, ಬೇರಿಂಗು, ಗೇರ್‌ಬಾಕ್ಸು ಯಾವುದನ್ನೂ ಮುಟ್ಟದೆ ರಿಮ್ಮು ಬದಲಾಗುತ್ತದೆ. ಎರಡು ಅರ್ಧ ಸೇರಿಸಿ ಒಟ್ಟಿಗೇ ಬೋರ್ ಮಾಡಿ, ಆ ಜೋಡಿಗೆ ಒಂದೇ ನಂಬರ್ ಪಂಚ್ ಹೊಡೆಸಿ. ಹಲ್ಲಿನ ಎರಡೂ ಮುಖ ಒಂದೇ ಆಕಾರವಿದ್ದರೆ ಒಂದು ಮುಖ ಸವೆದ ಮೇಲೆ ಮಗುಚಿ ಹಾಕಬಹುದು. ಹೆಡ್ ಬಾಗಿಲು ಮಾತ್ರ ಅರ್ಧ ರಿಮ್ಮು ಹೊರಬರುವಷ್ಟು ಅಗಲ ಬೇಕು, ಡ್ರಾಯಿಂಗಿನಲ್ಲಿ ರಿಮ್ಮನ್ನು ಬಾಗಿಲಿನಿಂದ ಹೊರಗೆಳೆದು ನೋಡಿ.

ಬೇರಿಂಗನ್ನು ಕೇಸಿಂಗ್‌ನಿಂದ ಬಿಡಿಸಿ. ಬೇರೆ ಪೀಠ, ಗೋಡೆಗೂ ಬೇರಿಂಗಿಗೂ ಮಧ್ಯೆ 100 ಮಿ.ಮೀ. ಖಾಲಿ. ಸೀಲು ಸೋರಿದರೆ ಧೂಳು ನೆಲಕ್ಕೆ ಬೀಳುತ್ತದೆ, ಬೇರಿಂಗ್ ಒಳಗೆ ಹೋಗುವುದಿಲ್ಲ, ಸೋರಿದ್ದೂ ಕಣ್ಣಿಗೆ ಕಾಣುತ್ತದೆ. ಶಾಫ್ಟಿನ ಸುತ್ತ ಸೀಲು ಹಿಡಿಯುವ ಗ್ಲ್ಯಾಂಡೂ ಎರಡು ಹೋಳಿನದು. ಟೇಲ್ ಶಾಫ್ಟ್ 70 ಮಿ.ಮೀ. ಇದ್ದರೆ ಎಸ್‌ಎನ್‌ಎಲ್ 516 ಹೋಳು ಪ್ಲಮ್ಮರ್ ಬ್ಲಾಕು (ಬೇರಿಂಗಿನ ಪೆಟ್ಟಿಗೆ), 22216 ಕೆ ಬೇರಿಂಗು, ಎಚ್ 316 ಸ್ಲೀವು. ಎಸ್‌ಜೆಪಿ ರಸ್ತೆಯಲ್ಲೂ ಕೇಳಬಹುದಾದ ಅಳತೆ, ವಿಶೇಷ ಬೋರ್ ಮಾಡಿಸಿ ಗ್ರಾಹಕರನ್ನು ಕಾಯಿಸಬೇಡಿ.

ಪೀಣ್ಯ ಎರಡನೇ ಹಂತ
ಓವರ್‌ಲೋಡ್‌ಗೆ ಶಿಯರ್ ಪಿನ್ (ಭಾರ ಹೆಚ್ಚಾದರೆ ತಾನೇ ಮುರಿಯುವ ಪಿನ್ನು) ಇದೆ. ಸಾಕೇ?

ಡ್ರೈವ್ ಕಡೆಯವರು
ಪಿನ್ನು ಇರಲಿ, ಆದರೆ ಅದರ ಪಕ್ಕದಲ್ಲೇ ಸರಿಯಾದ ಕಚ್ಚು ಕೊರೆದ ಹತ್ತು ಪಿನ್ನು ಪೆಟ್ಟಿಗೆಯಲ್ಲಿ ತೂಗುಹಾಕಿ. ರಾತ್ರಿ ಪಾಳಿಯಲ್ಲಿ ಪಿನ್ನು ಸಿಗದೆ ಹೈ ಟೆನ್ಸೈಲ್ ಬೋಲ್ಟು ತುರುಕಿದರೆ ಮುಂದಿನ ಸಲ ಮುರಿಯುವುದು ಚೈನು. ಟೇಲ್ ಶಾಫ್ಟಿಗೆ ಝೀರೋ ಸ್ಪೀಡ್ ಸ್ವಿಚ್ (ಶಾಫ್ಟು ನಿಂತರೆ ತಿಳಿಸುವಂಥದ್ದು) ಬೇಕೇ ಬೇಕು. ಚೈನು ತುಂಡಾದರೆ ಹೆಡ್ ತಿರುಗುತ್ತಲೇ ಇರುತ್ತದೆ, ನಿಲ್ಲುವುದು ಟೇಲು. ಹೆಡ್ ಶಾಫ್ಟಿಗೆ ಹಾಕಿದ ಸ್ವಿಚ್ಚಿನಿಂದ ಅದು ತಿಳಿಯುವುದಿಲ್ಲ.

ಡಿಸ್ಚಾರ್ಜ್ ಚೂಟು ಕಟ್ಟಿಕೊಂಡಾಗ ತಿಳಿಸುವ ಪ್ಯಾಡಲ್ ಸ್ವಿಚ್ಚು, ಅದರ ಮೇಲೊಂದು ತೂಕದ ಫ್ಲ್ಯಾಪು. ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ) ಹಾಕುತ್ತಿದ್ದರೆ ಶೇ. 10 ವೇಗದಲ್ಲಿ ಸ್ವಲ್ಪಸ್ವಲ್ಪವೇ ಓಡಿಸುವ ಇಂಚಿಂಗ್ ಬಟನ್ನು ಟೇಲ್ ಕಿಟಕಿಯ ಹತ್ತಿರ ಕೊಡಿ. ರಿವರ್ಸ್ ಮಾತ್ರ ಕೊಡಬೇಡಿ. ಹಿಂದಕ್ಕೆ ಓಡಿಸಿದರೆ ಕೆಳಗಿನ ಓಟದ ಸಡಿಲೆಲ್ಲ ಹೆಡ್ ಕೆಳಗೆ ಗುಡ್ಡೆಯಾಗಿ ಫ್ಲೈಟ್ ಮೇಲೆ ಫ್ಲೈಟ್ ಹತ್ತುತ್ತದೆ.

ರೇಖೆ ಮತ್ತು ಅಳತೆ
ಬಾಗಿಲು ತೆರೆದರೆ ಲಿಮಿಟ್ ಸ್ವಿಚ್ ನಿಲ್ಲಿಸುತ್ತದೆ ಎಂದು ಅದನ್ನೇ ನಂಬಿ ಕೈ ಹಾಕುವಂತಾಗಬಾರದು. ಬಾಗಿಲಿನ ಕೆಳಗೆ ಸ್ಪ್ಯಾನರ್ ಇಲ್ಲದೆ ಬಿಚ್ಚಲಾಗದ ಜಾಲರಿ, ಐಸೊಲೇಟರ್‌ಗೆ ಪ್ರತಿಯೊಬ್ಬ ಫಿಟ್ಟರ್ ತನ್ನ ಬೀಗ ಹಾಕುವ ಜಾಗ, ಎರಡೂ ಇರಬೇಕು. ಕನ್ವೇಯರ್ ಸುರಕ್ಷತೆಗೆ ಐಎಸ್ 7155 ಇದೆ, ಡ್ರಾಯಿಂಗ್ ಬಿಡುವ ಮುಂಚೆ ಒಮ್ಮೆ ಓದಿ. ಮುಚ್ಚಳದ ಎಂ-12 ಸಾಲು ತೆಗೆದು ಹೆಡ್, ಟೇಲ್, ಲೋಡಿಂಗ್ ಮತ್ತು ನಡುವೆ 5 ಮೀಟರಿಗೊಂದು 600 × 450 ಬಾಗಿಲು ಕೊಡಿ, ಮಡಚುವ ಕಣ್ಣು ಬೋಲ್ಟು ಹಾಕಿ. ನಟ್ಟು ಕಳೆದುಹೋಗುವುದಿಲ್ಲ, ಒಳಗೆ ಬೀಳುವುದೂ ಇಲ್ಲ.

ಪೀಣ್ಯ ಎರಡನೇ ಹಂತ
ಟೇಕ್-ಅಪ್ (ಟೇಲ್ ಶಾಫ್ಟ್ ಸರಿಸಿ ಚೈನು ಬಿಗಿ ಮಾಡುವ ವ್ಯವಸ್ಥೆ) ಈಗ 200 ಮಿ.ಮೀ. ಸ್ಕ್ರೂ. ಸ್ಪ್ರಿಂಗ್ ಬೇಕೇ? ಸಪೋರ್ಟ್ ಕಾಲುಗಳನ್ನೂ ಇವತ್ತು ಮುಗಿಸಬೇಕು.

ಸಿಮೆಂಟ್ ಮೆಕ್ಯಾನಿಕಲ್
200 ಸಾಲದು. ಚೈನು ಒಟ್ಟು 60 ಮೀಟರ್ ದಾಟುತ್ತದೆ, ಶೇ. 2 ಎಂದರೆ 1.2 ಮೀಟರ್, ಅಂದರೆ ಆಯುಸ್ಸಿನಲ್ಲಿ 8 ಲಿಂಕು ತೆಗೆಯಬೇಕು. ಟೇಲ್ 1 ಮಿ.ಮೀ. ಸರಿದರೆ 2 ಮಿ.ಮೀ. ಚೈನು ಸೇರುತ್ತದೆ. ಫ್ಲೈಟ್ ಲಿಂಕು ಬಿಟ್ಟು ಲಿಂಕಿಗೆ ಇದ್ದರೆ ಎರಡೆರಡು ಲಿಂಕು ತೆಗೆಯಬೇಕಾಗುತ್ತದೆ, ಅದು 284 ಮಿ.ಮೀ., ಟೇಲ್ ಸರಿಯಬೇಕಾದ್ದು 142. ಇದರ ಮೇಲೆ ಹೊಸ ಚೈನು ಜೋಡಿಸಲು ಸಡಿಲ, ಸ್ಪ್ರಿಂಗಿನ ಆಟ ಸೇರಿ 300 ಇಡಿ.

ಸ್ಪ್ರಿಂಗ್ ಬೇಕು. ಬಿಸಿ ಮಾಲು ಬಂದಾಗ ಚೈನು ಕೇಸಿಂಗ್‌ಗಿಂತ ಮೊದಲು ಕಾಯುತ್ತದೆ. 100 ಡಿಗ್ರಿ ಏರಿದರೆ 30 ಮೀಟರಿಗೆ 36 ಮಿ.ಮೀ., ಎರಡು ಓಟಕ್ಕೆ 72. ಬರೀ ಸ್ಕ್ರೂ ಇದ್ದರೆ ಆ ಸಡಿಲು ಹೆಡ್ ಕೆಳಗೆ ಜೋತು ಹಲ್ಲಿಗೆ ಸರಿಯಾಗಿ ಕೂರದೆ ಹಾರುತ್ತದೆ. ಸ್ಪ್ರಿಂಗನ್ನು ಎಷ್ಟು ಒತ್ತಬೇಕು ಎಂಬುದಕ್ಕೆ ಪಕ್ಕದಲ್ಲಿ ಸ್ಕೇಲು, ಎರಡು ಕೆಂಪು ಗೆರೆ. ಎರಡೂ ಬದಿಯ ಸ್ಕೇಲು ಒಂದೇ ಓದಬೇಕು, ಇಲ್ಲದಿದ್ದರೆ ಟೇಲ್ ಓರೆಯಾಗಿ ಫ್ಲೈಟು ಒಂದೇ ಗೋಡೆ ಉಜ್ಜುತ್ತದೆ.

ಕೇಸಿಂಗ್ ಕೂಡ ಬೆಳೆಯುತ್ತದೆ. ಡ್ರೈವ್ ಇರುವ ಹೆಡ್ ಕಾಲು ಮಾತ್ರ ಬಿಗಿ, ಉಳಿದ ಎಲ್ಲ ಕಾಲಿಗೂ ಉದ್ದ ತೂತು. ಟೇಲ್ ಕಡೆಯ ಕೊನೆಯ ಕಾಲಿಗೆ 50 ಮಿ.ಮೀ. ಸ್ಲಾಟು, ತಣ್ಣಗಿರುವಾಗ ಬೋಲ್ಟು ಟೇಲ್ ಕಡೆಯ ಅಂಚಿಗೆ ಕೂತಿರಲಿ, ಕಾಲು ಹೊರಕ್ಕೆ ಸರಿಯಲು ಪೂರ್ತಿ ಜಾಗ ಸಿಗುತ್ತದೆ.

ಕುಂಬಳಗೋಡು ಫ್ಯಾಬ್
ಕಾಲಿನ ಕೆಳಗೆ ನುಣುಪಾದ ಪ್ಲೇಟ್ ಹಾಕಿಸಿ ಸಾರ್. ಬೋಲ್ಟಿಗೆ ಎರಡು ನಟ್ಟು, ಮೇಲಿನದು ಕೆಳಗಿನದಕ್ಕೆ ಲಾಕ್ ಆಗಬೇಕೇ ಹೊರತು ಕಾಲಿನ ಮೇಲೆ ಕೂರಬಾರದು, ವಾಷರ್ ಕೈಯಲ್ಲಿ ತಿರುಗೋ ಹಾಗಿರಲಿ. ಗ್ರೌಟಿಂಗ್ ಮಾಡೋವ್ರು ಸ್ಲಾಟ್ ಒಳಗೆ ಸಿಮೆಂಟ್ ತುಂಬದ ಹಾಗೆ ಥರ್ಮೋಕೋಲ್ ತುರುಕಿ ಕಳಿಸಿ, ಡ್ರಾಯಿಂಗ್‌ನಲ್ಲೂ ಅದನ್ನ ಬರೀರಿ.